ಕುಡಿಯದೆ ಬಂದ ದಿನ ನಾವೇನು ಮಾಡಿದೆವು?

ನಮ್ಮ ಚಿಕ್ಕಪ್ಪ ಕುಡಿದು ಬಂದ ರಾತ್ರಿ ಮನೆಮಂದಿಯೆಲ್ಲ ಎದ್ದು ಕೂರುತ್ತಿದ್ದೆವು. ಅಜ್ಜಿ ಅಳುತ್ತಿದ್ದರು, ಅಪ್ಪ ಬೈಯುತ್ತಿದ್ದರು, ಚಿಕ್ಕಮ್ಮ ಮಗಳ ತಲೆ ಮುಟ್ಟಿಸಿ ಆಣೆ ಮಾಡಿಸುತ್ತಿದ್ದರು. ಕುಡಿಯದೆ ಬಂದ ಸಂಜೆ? ಕೈಕಾಲು ತೊಳೆದು ಸುಮ್ನೆ ಟಿವಿ ಮುಂದೆ ಕೂರುತ್ತಿದ್ದರು. ಯಾರೋ ಒಬ್ಬರು ಊಟದ ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದರು. ಅಷ್ಟೇ, ಒಂದು ಮಾತಿಲ್ಲ.

ಚಟ ಬಿಡಿಸುವ ಚಿಕಿತ್ಸೆಗಳ ಬಗ್ಗೆ ಈಗ ಓದುವಾಗೆಲ್ಲ ನನಗೆ ಆ ತಟ್ಟೆ ನೆನಪಾಗುತ್ತದೆ.

ಅಮೆರಿಕದಲ್ಲಿ ನ್ಯಾನ್ಸಿ ಪೆಟ್ರಿ ಎಂಬ ಮನಶ್ಶಾಸ್ತ್ರಜ್ಞೆ ಇದ್ದರು. ಕುಡಿತ ಬಿಡಲು ಬಂದ 42 ಮಾಜಿ ಸೈನಿಕರ ಮೇಲೆ ಅವರ ತಂಡ ಮಾಡಿದ ಅಧ್ಯಯನ 2000ದಲ್ಲಿ ಬಂತು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಇತ್ತು. ಒಂದು ಗುಂಪಿಗೆ ಮಾತ್ರ ಇನ್ನೊಂದು ಜಾಸ್ತಿ: ಊದಿಸಿ ನೋಡಿ, ಕುಡಿದಿಲ್ಲ ಅಂತ ಗೊತ್ತಾದರೆ ಅಲ್ಲೇ ಒಂದು ಚೀಟಿ ಎತ್ತಬಹುದು. ಕೆಲವು ಚೀಟಿಗೆ ಸಣ್ಣಪುಟ್ಟ ಬಹುಮಾನ, ಅಪರೂಪಕ್ಕೊಂದು ದೊಡ್ಡದು, ಇನ್ನು ಕೆಲವದರಲ್ಲಿ ಬರೀ ಶಭಾಷ್. 8 ವಾರ ಮುಗಿಯುವಾಗ ಚೀಟಿ ಗುಂಪಿನಲ್ಲಿ 84% ಜನ ಚಿಕಿತ್ಸೆಯಲ್ಲಿ ಉಳಿದಿದ್ದರು, ಇನ್ನೊಂದರಲ್ಲಿ 22%.

"ಕುಡಿಯದೆ ಇರೋಕೂ ಲಂಚನಾ?" ಅಂತ ಕೇಳುವವರಿದ್ದಾರೆ. ನನಗೆ ಅದು ಲಂಚ ಅನ್ನಿಸಲ್ಲ. ಗಂಟಲಿಗಿಳಿದ ಸ್ವಲ್ಪ ಹೊತ್ತಿಗೇ ಕುಡಿತ ಸುಖ ಕೊಡುತ್ತದೆ, ಬಿಟ್ಟಿದ್ದರ ಸುಖ, ಅಂದರೆ ಮೈ ಸುಧಾರಿಸೋದು, ಕೈಯಲ್ಲಿ ದುಡ್ಡು ನಿಲ್ಲೋದು, ಮಕ್ಕಳು ಹತ್ತಿರ ಬರೋದು, ಇದೆಲ್ಲ ಕಾಣೋಕೆ ತಿಂಗಳುಗಟ್ಟಲೆ ಬೇಕು. ಅಷ್ಟು ದಿನ ಕೈ ಹಿಡಿದು ನಡೆಸೋಕೆ ಏನಾದರೂ ಬೇಕಲ್ವಾ? ಬಹುಮಾನ ನಿಂತ ಮೇಲೆ ಪರಿಣಾಮ ಇಳಿಯುತ್ತದೆ, ಅದೂ ನಿಜ.

ಮನೆಯವರ ಬಗ್ಗೆ 1999ರ ಇನ್ನೊಂದು ಅಧ್ಯಯನವಿದೆ. ಚಿಕಿತ್ಸೆಯೇ ಬೇಡ ಅನ್ನುವ ಕುಡುಕರ ಮನೆಯವರಿಗೆ ಬೇರೆ ಬೇರೆ ದಾರಿ ಹೇಳಿಕೊಟ್ಟರು. ಎಲ್ಲರೂ ಸೇರಿ ಕೂರಿಸಿಕೊಂಡು ಎದುರೆದುರೇ ಹೇಳುವ ದಾರಿಯಲ್ಲಿ 30% ಜನ ಚಿಕಿತ್ಸೆಗೆ ಬಂದರು. ಕುಡಿಯದ ಹೊತ್ತು ಚೆನ್ನಾಗಿರುವಂತೆ ನೋಡಿಕೊಂಡು, ಕುಡಿದಾಗ ದೂರ ಸರಿಯುವುದನ್ನು ಕಲಿತವರ ಮನೆಗಳಲ್ಲಿ 64%.

ಇದೆಲ್ಲ ದೊಡ್ಡ ಡಾಕ್ಟರು ಇದ್ದರೆ ಮಾತ್ರ ಅಂತಲೂ ಅಲ್ಲ. ಪಕ್ಕದ ಗೋವಾದಲ್ಲಿ ಮಾಮೂಲಿ ಜನರಿಗೇ ತರಬೇತಿ ಕೊಟ್ಟು, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೆಲವೇ ಸಲ ಕೂತು ಮಾತಾಡಿಸಿದರು. ವಿಪರೀತ ಕುಡಿಯುತ್ತಿದ್ದ 377 ಗಂಡಸರು ಆ ಅಧ್ಯಯನದಲ್ಲಿದ್ದರು. ಮೂರು ತಿಂಗಳಲ್ಲಿ ಆ ಮಟ್ಟದಿಂದ ಹೊರಬಂದವರು 36%, ಮಾಮೂಲಿ ಆರೈಕೆಯಲ್ಲಿ 26%. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಂಥ ಒಬ್ಬರು ನಮ್ಮ ಪ್ರತಿ ಆರೋಗ್ಯ ಕೇಂದ್ರದಲ್ಲೂ ಯಾಕಿರಬಾರದು?

ಕಳೆದ ವಾರ ಪಕ್ಕದ ಮನೆ ಅಕ್ಕ ಬಂದು ಗಂಡನ ಕುಡಿತ ಹೇಳಿಕೊಂಡು ಅತ್ತರು. ಹೊಡೀತಾನಾ ಅಂತ ಮೊದಲು ಕೇಳಿದೆ. ಇಲ್ಲ ಅಂದರು. ಹಾಗಾದರೆ ಕುಡಿದು ಬಂದ ರಾತ್ರಿ ವಾದ ಮಾಡಬೇಡಿ ಅಕ್ಕ, ಹೋಗಿ ಮಲಗಿ, ಬೆಳಗ್ಗೆ ಮಾತಾಡಿ ಅಂದೆ. ಕುಡಿಯದೆ ಬಂದ ದಿನ ನೀವೂ ತಟ್ಟೆ ಹಾಕಿಕೊಂಡು ಜೊತೆಗೆ ಕೂತು ಊಟ ಮಾಡಿ ಅಂದೆ.