ಗವಸು ಬೇಡದ ಯಂತ್ರಗಳು

ನಮ್ಮ ಮನೆಯ ಮೂಲೆಯಲ್ಲಿ ಕಸೂತಿಯ ಗವಸು ಹೊದ್ದು ಕುಳಿತಿದ್ದ ಹೊಲಿಗೆ ಯಂತ್ರವನ್ನು ತೋರಿಸಿ, ಪಕ್ಕದ ಮನೆಯ ಹಿರಿಯರು “ಅದರಡಿ ಏನು ಬಚ್ಚಿಟ್ಟಿದ್ದೀರಿ?” ಎಂದು ಕೇಳಿದರು. ಗವಸು ತೆಗೆದು ತೋರಿಸಿದೆ. ಕಪ್ಪು ಮೈಮೇಲಿನ ಹೊಂಬಣ್ಣದ ಬಳ್ಳಿಯನ್ನೂ ಪಕ್ಕದ ಚಕ್ರವನ್ನೂ ಬೆರಳಿನಿಂದ ಸವರಿ, “ಇಷ್ಟು ಚೆಂದದ್ದನ್ನು ಯಾರಾದರೂ ಮುಚ್ಚಿಡುತ್ತಾರೆಯೇ?” ಎಂದರು. ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ಆದರೂ ಚುರುಕ್ಕೆಂದಿತು. ಟಿವಿಗೆ, ಮಿಕ್ಸಿಗೆ, ಫ್ರಿಜ್ಜಿನ ಹಿಡಿಗೆ, ಕೊನೆಗೆ ರಿಮೋಟಿಗೂ ಅಂಗಿ ತೊಡಿಸುವವರ ನಡುವೆ ಬೆಳೆದವನ ಬಳಿ ಅದಕ್ಕೆ ತಕ್ಕ ಉತ್ತರವಿರಲಿಲ್ಲ.

ನಾನಿರುವುದು ಇಂಗ್ಲೆಂಡಿನ ಲಿಂಕನ್‌ನಲ್ಲಿ. ಇಲ್ಲಿ 2009ರಲ್ಲಿ ಶುರುವಾದ ಸ್ಟೀಮ್‌ಪಂಕ್ ಉತ್ಸವ ಈಗ ಬೇಸಿಗೆಯ ಕೊನೆಯಲ್ಲಿ ನಡೆಯುತ್ತದೆ. ಆಗ ಕೋಟೆಯ ಸುತ್ತಲ ಬೀದಿಗಳ ತುಂಬ ಹಿತ್ತಾಳೆಯ ಕನ್ನಡಕ, ಎತ್ತರದ ಟೋಪಿ, ಚರ್ಮದ ಪಟ್ಟಿ ತೊಟ್ಟವರೇ ಕಾಣುತ್ತಾರೆ. ಹತ್ತೊಂಬತ್ತನೆಯ ಶತಮಾನದ ಉಗಿಯಂತ್ರಗಳ ಕಾಲ ಮುಗಿಯದೆ ಹಾಗೆಯೇ ಮುಂದುವರಿದಿದ್ದರೆ ಇಂದಿನ ದೀಪ, ಗಡಿಯಾರ, ಕಂಪ್ಯೂಟರ್ ಹೇಗಿರುತ್ತಿದ್ದವು ಎಂಬ ಕಲ್ಪನೆಯೇ ಈ ಶೈಲಿಯ ಬೇರು. ಹೆಸರು ಬಂದದ್ದು 1987ರಲ್ಲಿ, ಅಮೆರಿಕದ ಕಾದಂಬರಿಕಾರ ಕೆ. ಡಬ್ಲ್ಯು. ಜೀಟರ್ ಪತ್ರಿಕೆಯೊಂದಕ್ಕೆ ಅರ್ಧ ತಮಾಷೆಗೆ ಬರೆದ ಪತ್ರದಿಂದ. ಕಥೆಗಳಿಗೆ ಇಟ್ಟ ಹೆಸರು ಮುಂದೆ ಕೈಕಸುಬಿಗೂ ಅಂಟಿಕೊಂಡಿತು. ವೇಷಭೂಷಣ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಗುಂಪಿನ ನಡುವೆ ಬಿಳಿಯ ದೊರೆಗಳ ಬೇಟೆ ಟೋಪಿ ಕಂಡಾಗ ನಮ್ಮವರಿಗೆ ಬೇರೆಯೇ ಚರಿತ್ರೆ ನೆನಪಾಗುತ್ತದೆ.

ಹಿಡಿಸಿದ್ದು ಆ ನೆರೆಯವರು ತಮ್ಮ ಹಿತ್ತಿಲ ಶೆಡ್ಡಿನಲ್ಲಿ ಮಾಡಿದ ಮೇಜಿನ ದೀಪ. ಹಳೆಯ ಕೊಳಾಯಿ ಕೊಳವೆಗಳನ್ನು ತಿರುಪಿ ಜೋಡಿಸಿದ ಕಂಬ, ಅದರ ತುದಿಯಲ್ಲಿ ತಂತಿ ಕಾಣುವ ಬಲ್ಬು, ನಡುವೆ ಕೆಂಪು ಬಣ್ಣ ಸವೆದ ವಾಲ್ವಿನ ಚಕ್ರ. ಆ ಚಕ್ರ ಅಲಂಕಾರಕ್ಕಲ್ಲ. ಅದರ ದಂಡಕ್ಕೆ ಒಳಗಿನಿಂದ ಬೆಳಕು ಹೆಚ್ಚುಕಡಿಮೆ ಮಾಡುವ ರೆಗ್ಯುಲೇಟರನ್ನು ಬಿಗಿದಿದ್ದಾರೆ. ನಲ್ಲಿ ತಿರುವಿದಂತೆ ತಿರುವಿದರೆ ತಂತಿ ಮೊದಲು ಕೆಂಡದಂತೆ ಕೆಂಪಾಗಿ, ಆಮೇಲೆ ನಿಧಾನಕ್ಕೆ ಹಳದಿಗೆ ತಿರುಗುತ್ತದೆ. ಹೊಸ ಹಿತ್ತಾಳೆಯ ಕೀಲುಗಳು ಹಳೆಯದರ ಜೊತೆ ಹೊಂದಲೆಂದು ಅವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಅಮೋನಿಯಾದ ಆವಿಗೆ ಹಿಡಿದು ಬೇಕೆಂದೇ ಕಿಲುಬು ತರಿಸುತ್ತಾರೆ. ಹುಣಸೆಹಣ್ಣಿನಲ್ಲಿ ಉಜ್ಜಿ ಉಜ್ಜಿ ಕಿಲುಬು ತೆಗೆಯುವುದನ್ನೇ ಕಂಡ ನನಗೆ ಇದು ಲೋಕ ತಲೆಕೆಳಗಾದಂತೆ ತೋರಿತು.

ಯಂತ್ರದ ಒಡಲನ್ನು ಹೀಗೆ ಎದುರಿಗಿಡುವ ಧೈರ್ಯ ಇವರಿಗೆ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಲಂಡನ್ನಿನ ಕ್ರಾಸ್‌ನೆಸ್‌ನಲ್ಲಿದೆ. 1865ರಲ್ಲಿ ತೆರೆದ ಆ ಪಂಪ್‌ಹೌಸ್‌ನ ಕೆಲಸ ಊರಿನ ಚರಂಡಿ ನೀರನ್ನು ಮೇಲೆತ್ತುವುದು, ಅಷ್ಟೇ. ಆದರೂ ಒಳಗೆ ಕಾಲಿಟ್ಟರೆ ಎರಕದ ಕಬ್ಬಿಣದಲ್ಲಿ ಎಲೆ, ಹೂ, ಹಣ್ಣುಗಳ ಜಾಲಂಧ್ರ, ಬಣ್ಣ ಬಳಿದ ಕಂಬಗಳು, ನಾಲ್ಕು ದೈತ್ಯ ಉಗಿಯಂತ್ರಗಳು. ಅವುಗಳಿಗೆ ರಾಜಮನೆತನದವರ ಹೆಸರು ಬೇರೆ. ಕೆಲಸ ನಿಂತು ತುಕ್ಕು ಹಿಡಿದಿದ್ದ ಒಂದು ಯಂತ್ರವನ್ನು ಸ್ವಯಂಸೇವಕರು ವರ್ಷಗಟ್ಟಲೆ ತಿಕ್ಕಿ, 2003ರಲ್ಲಿ ಮತ್ತೆ ಉಗಿಯಿಂದ ಓಡುವಂತೆ ಮಾಡಿದರು. ಇದೇ ಕಣ್ಣು ಪ್ಯಾರಿಸ್ಸಿನಲ್ಲೂ ಉಂಟು. ಅಲ್ಲಿನ ಆರ್ ಎ ಮೆಟಿಯೆ ಮೆಟ್ರೊ ನಿಲ್ದಾಣದಲ್ಲಿ ಹನ್ನೊಂದನೆಯ ಮಾರ್ಗದ ಪ್ಲಾಟ್‌ಫಾರ್ಮುಗಳಿಗೆ ಬೆಲ್ಜಿಯಂನ ಚಿತ್ರಕಾರ ಫ್ರಾಂಸ್ವಾ ಸ್ಕೂಟೆನ್ 1994ರಲ್ಲಿ ತಾಮ್ರದ ಹಾಳೆ ಹೊದಿಸಿ, ರಿವೆಟ್ ಹೊಡೆಸಿ, ದುಂಡು ಕಿಟಕಿಗಳನ್ನಿಟ್ಟು, ಜಲಾಂತರ್ಗಾಮಿಯ ಹೊಟ್ಟೆಯೊಳಗೆ ನಿಂತಂತೆ ಮಾಡಿದ್ದಾನೆ.

ನಮ್ಮಲ್ಲಿ ಯಂತ್ರಗಳಿಗೆ ಬರವಿತ್ತೇ? ಶಿವನಸಮುದ್ರದ ನೀರಿನಿಂದ 1902ರಲ್ಲಿಯೇ ಕೋಲಾರದ ಗಣಿಗೆ ವಿದ್ಯುತ್ ಹರಿಸಿದ ನಾಡು ನಮ್ಮದು. ಆದರೆ ಯಂತ್ರವೆಂದರೆ ಕೆಲಸ ಮಾಡಿಕೊಡುವ, ಕೆಟ್ಟರೆ ಗುಜರಿಗೆ ಹೋಗುವ, ಇರುವಷ್ಟು ದಿನ ಧೂಳು ಮುಟ್ಟಬಾರದ ವಸ್ತುವೆಂದೇ ನಾವು ತಿಳಿದೆವು. ಅದರ ಹಲ್ಲುಚಕ್ರ, ಲಿವರ್, ಸ್ಪ್ರಿಂಗುಗಳಲ್ಲಿ ನೋಡಿ ಸಂತೋಷಪಡುವಂಥದ್ದೇನಾದರೂ ಇದೆಯೆಂದು ಮಕ್ಕಳಿಗೆ ಯಾರೂ ಹೇಳಲಿಲ್ಲ. “ಮುಟ್ಟಬೇಡ, ಕೆಡಿಸಿಬಿಡುತ್ತೀಯ” ಎಂಬುದನ್ನಂತೂ ಎಲ್ಲರೂ ಹೇಳಿದರು. ಎಂಜಿನಿಯರುಗಳನ್ನು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಹೊರತರುವ ನಾಡಿನ ಮನೆಗಳಲ್ಲಿ ಒಂದು ಸ್ಕ್ರೂಡ್ರೈವರ್ ಹುಡುಕಲು ಅರ್ಧ ದಿನ ಬೇಕು ಎಂದು ಹೇಳುವಾಗ ನನಗೆ ಸಿಟ್ಟೇ ಬರುತ್ತದೆ.

ಹಾಗೆಂದು ಲಿಂಕನ್ನಿನ ಮಳಿಗೆಗಳಲ್ಲಿ ಕಂಡದ್ದೆಲ್ಲ ಹಿತ್ತಾಳೆಯಲ್ಲ. ಪ್ಲಾಸ್ಟಿಕ್ಕಿಗೆ ಕಪ್ಪು ಬಣ್ಣ ಬಳಿದು, ಅದರ ಮೇಲೆ ಹೊಂಬಣ್ಣದ ಮೇಣ ಸವರಿದ ಮಾಲೇ ಹೆಚ್ಚು. ಟೋಪಿಯ ಮೇಲೆ ಮೂರು ಚಕ್ರಗಳನ್ನು ಒಂದಕ್ಕೊಂದು ಹಲ್ಲು ಕಚ್ಚುವಂತೆ ತ್ರಿಕೋನದಲ್ಲಿ ಅಂಟಿಸಿರುತ್ತಾರೆ. ಹಾಗೆ ಜೋಡಿಸಿದ ಮೂರು ಚಕ್ರಗಳಲ್ಲಿ ಒಂದೂ ತಿರುಗಲಾರದು, ಏಕೆಂದರೆ ಅಕ್ಕಪಕ್ಕದವು ಯಾವಾಗಲೂ ಎದುರು ದಿಕ್ಕಿಗೆ ಹೋಗಬೇಕು. ಓಡಬಲ್ಲ ಜೇಬುಗಡಿಯಾರದ ಕರುಳು ಬಗೆದು ಕಿವಿಯೋಲೆ ಮಾಡುವುದಂತೂ ಗಡಿಯಾರ ರಿಪೇರಿಯವರ ಹೊಟ್ಟೆ ಉರಿಸುವ ಕೆಲಸ. ಆ ಮಳಿಗೆಯೊಂದರಲ್ಲಿ ನಮ್ಮ ಮನೆಯದರಂಥದೇ ಹೊಲಿಗೆ ಯಂತ್ರವನ್ನು ನಡುವಿಗೆ ಕೊರೆದು ದೀಪದ ಕಂಬ ಮಾಡಿದ್ದರು. ಹೊಲಿಯುತ್ತದೆಯೇ ಎಂದು ಕೇಳಿದೆ. ಮಾರುವವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಆದ್ದರಿಂದ ಒಲ್ಲದ ಮನಸ್ಸಿನಿಂದಲೇ ಒಪ್ಪಬೇಕಾದ ಮಾತೊಂದಿದೆ. ನಾವು ಮುಚ್ಚಿಟ್ಟದ್ದು ನಾಚಿಕೆಯಿಂದಲ್ಲ. ಕಂತು ಕಟ್ಟಿ ತಂದ ಯಂತ್ರ ಮುಂದಿನ ತಲೆಮಾರಿಗೂ ಉಳಿಯಬೇಕಿತ್ತು, ಅದಕ್ಕೆ ಗವಸು ಬಂತು. ಮೇಲೆ ಹಾಕಿದ ಕಸೂತಿಯೂ ಅದೇ ಯಂತ್ರದಲ್ಲಿ ಹೊಲಿದದ್ದು. ಆಯುಧಪೂಜೆಯ ದಿನವಂತೂ ಗವಸು ತೆಗೆದು, ಎಣ್ಣೆ ಬಿಟ್ಟು, ಕುಂಕುಮವಿಟ್ಟು ಚಕ್ರವನ್ನು ಒಂದು ಸುತ್ತು ತಿರುಗಿಸಿ ನೋಡುತ್ತಿದ್ದೆವು. ಆ ನೋಟದಲ್ಲಿ ಭಕ್ತಿಯಿತ್ತು, ಕುತೂಹಲ ಕಡಿಮೆ. ನನ್ನ ತಕರಾರು ಈಗ ಉಳಿದಿರುವುದು ಇಷ್ಟಕ್ಕೆ ಮಾತ್ರ. ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತು ನಿವೃತ್ತರಾದ ಫಿಟ್ಟರ್, ಟರ್ನರ್‌ಗಳು ನಮ್ಮ ಊರೂರಲ್ಲಿದ್ದಾರೆ. ಅವರು ಕೈಯಿಟ್ಟರೆ ಅಂಟಿಸಿದ ಚಕ್ರದ ಗೊಡವೆಯೇ ಇರುವುದಿಲ್ಲ, ಜೋಡಿಸಿದ್ದೆಲ್ಲ ತಿರುಗುತ್ತದೆ. ಅವರಿಗೆ ಬೇಕಾದದ್ದು ಒಂದು ಶೆಡ್ಡು, ಮತ್ತು “ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?” ಎಂದು ಕೇಳದ ಮನೆಯವರು.