ಸಿಆರ್‌ಪಿ ಜಾಸ್ತಿ ಬಂದ್ರೆ ಬೈಪೋಲಾರ್ ಅಂತೆ!

ಬೆಳಿಗ್ಗೆಯಿಂದ ತಲೆ ಕೆಟ್ಟು ಹೋಗಿದೆ. ಮನೆಯಲ್ಲಿ ಕೂಗಾಡಿದ್ರೆ ಅಮ್ಮನ ಬಿಪಿ ಏರುತ್ತೆ. ಅದಕ್ಕೆ ಇಲ್ಲಿ ಬಂದು ಕೂತಿದ್ದೀನಿ.

ತಮ್ಮನ ಲೀಥಿಯಂ ಲೆವೆಲ್ ನೋಡಿಸೋಕೆ ಅವನನ್ನ ಕರ್ಕೊಂಡು ಇಲ್ಲೇ ಬಳ್ಳಾರಿಯ ಒಂದು ಲ್ಯಾಬಿಗೆ ಹೋಗಿದ್ದೆ. (ಅವನ ಕತೆ ನಿಮಗೆಲ್ಲ ಗೊತ್ತೇ ಇದೆ: ಬೈಪೋಲಾರ್, ಅಂದ್ರೆ ಮನಸ್ಸು ಕೆಲವೊಮ್ಮೆ ವಿಪರೀತ ಏರಿ, ಕೆಲವೊಮ್ಮೆ ವಿಪರೀತ ಕುಗ್ಗೋ ಕಾಯಿಲೆ. ಅದಕ್ಕೆ ಲೀಥಿಯಂ ಮಾತ್ರೆ ತಗೋತಾನೆ, ಅದು ರಕ್ತದಲ್ಲಿ ಎಷ್ಟಿದೆ ಅಂತ ನೋಡಿಸ್ತಾ ಇರಬೇಕು. ಈಗ ಚೆನ್ನಾಗಿದ್ದಾನೆ, ಅಂಗಡಿ ನೋಡ್ಕೋತಾನೆ, ನನಗಿಂತ ಚೆನ್ನಾಗಿ ನಿದ್ದೆ ಮಾಡ್ತಾನೆ.) ಕೌಂಟರ್ ಮೇಲೆ ಹೊಸ ಬೋರ್ಡು. ಮನಸ್ಸಿನ ಆರೋಗ್ಯದ ಪ್ಯಾಕೇಜ್ ಅಂತೆ! ಸಿಆರ್‌ಪಿ, ಐಎಲ್-6, ವಿಟಮಿನ್ ಡಿ, ಬಿ12, ಎಲ್ಲ ಸೇರಿಸಿ ಡಿಸ್ಕೌಂಟ್. ಕೌಂಟರಿನ ಹುಡುಗ ಚೀಟಿ ನೋಡಿ, "ಅಕ್ಕಾ, ಬೈಪೋಲಾರ್ ಈಗ ರಕ್ತದಾಗೇ ಗೊತ್ತಾಗ್ತೈತ್ರಿ. ಇದೂ ಮಾಡಿಸಿಬಿಡ್ರಿ, ಕನ್‌ಫರ್ಮ್ ಆಗ್ತೈತಿ" ಅಂದ.

"ಕನ್‌ಫರ್ಮ್ ಆಗಿ ವರ್ಷಗಳಾದವಪ್ಪ. ಲೀಥಿಯಂ ಯಾವಾಗ ಸಿಗುತ್ತೆ ಹೇಳು."

"ಅದು ಹೊರಗ ಕಳಿಸ್ಬೇಕ್ರಿ. ಎರಡ್ಮೂರು ದಿನ ಆಗ್ತೈತಿ."

ಹೀಗಂದು ಹಸಿರು ಮುಚ್ಚಳದ ಟ್ಯೂಬ್ ಕೈಗೆತ್ತಿಕೊಂಡ. ನಾನು ಅದನ್ನ ಇಸ್ಕೊಂಡು ಅದರ ಮೇಲಿನ ಚೀಟಿ ಓದಿ ತೋರಿಸಿದೆ: ಲೀಥಿಯಂ ಹೆಪಾರಿನ್. ರಕ್ತ ಹೆಪ್ಪುಗಟ್ಟದ ಹಾಗೆ ಟ್ಯೂಬಿನೊಳಗೇ ಲೀಥಿಯಂ ಇರೋ ಹೆಪಾರಿನ್ ಸವರಿರ್ತಾರೆ. ಅದರಲ್ಲಿ ರಕ್ತ ತಗೊಂಡು ಲೀಥಿಯಂ ಅಳೆದರೆ ಟ್ಯೂಬಿನದೂ ಸೇರಿ ಬರುತ್ತೆ. ಹುಡುಗ ನಕ್ಕು ಕೆಂಪು ಮುಚ್ಚಳದ್ದು ತಂದ. ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಪ್ಯಾಕೇಜ್ ಮಾರೋದು ಮಾತ್ರ ಚೆನ್ನಾಗಿ ಹೇಳಿಕೊಟ್ಟಿದ್ದಾರೆ.

ನನ್ನ ಸಿಟ್ಟು ಇಷ್ಟೇ. ಬೇಕಾದ ಟೆಸ್ಟ್ ಬಗ್ಗೆ ಯಾರಿಗೂ ಗೊತ್ತಿಲ್ಲ, ಬೇಡದ ಟೆಸ್ಟಿಗೆ ಬೋರ್ಡು.

ಸಿಆರ್‌ಪಿ ಅನ್ನೋದು ಲಿವರ್ ಮಾಡೋ ಒಂದು ಪ್ರೋಟೀನ್. ಮೈಯಲ್ಲಿ ಎಲ್ಲಾದ್ರೂ ಉರಿಯೂತ (ಸೋಂಕಿಗೋ ಗಾಯಕ್ಕೋ ಊದಿ ಉರಿಯೋದು) ಆದ್ರೆ ಐಎಲ್-6 ಅನ್ನೋ ಇನ್ನೊಂದು ಪ್ರೋಟೀನ್ ಲಿವರಿಗೆ ಸುದ್ದಿ ಮುಟ್ಟಿಸುತ್ತೆ, ಸಿಆರ್‌ಪಿ ಏರುತ್ತೆ. 1930ರಲ್ಲಿ ಇದನ್ನ ಮೊದಲು ಕಂಡಿದ್ದೂ ನ್ಯುಮೋನಿಯಾ ರೋಗಿಗಳ ರಕ್ತದಲ್ಲೇ. ಇದು ನಮ್ಮ ಓಣಿ ನಾಯಿ ಇದ್ದ ಹಾಗೆ. ಬೊಗಳಿದ್ರೆ ಯಾರೋ ಬಂದಿದ್ದಾರೆ ಅಂತ ಗೊತ್ತಾಗುತ್ತೆ. ಕಳ್ಳನಾ, ಬೀಗರಾ ಅಂತ ಹೇಳಲ್ಲ. ವಸಡು ಊದಿದ್ರೂ ಏರುತ್ತೆ, ಸಿಗರೇಟಿಗೂ ಏರುತ್ತೆ, ಹೊಟ್ಟೆ ಬಂದಿದ್ರೂ ಏರುತ್ತೆ.

"ಆದ್ರೆ ರಿಸರ್ಚ್ ಇದೆಯಲ್ಲ" ಅಂತ ಯಾರಾದ್ರೂ ಕಾಮೆಂಟ್ ಹಾಕ್ತೀರಿ. ಇದೆ, ನಾನೂ ಓದಿದ್ದೀನಿ. ಬೈಪೋಲಾರ್ ಇರೋರ ಗುಂಪನ್ನ ಇಲ್ಲದೋರ ಗುಂಪಿನ ಜೊತೆ ಇಟ್ಟು ನೋಡಿದ್ರೆ ಸಿಆರ್‌ಪಿ ಸರಾಸರಿ ಜಾಸ್ತಿ. ಮೇನಿಯಾ, ಅಂದ್ರೆ ಮನಸ್ಸು ವಿಪರೀತ ಏರಿರೋ ಹೊತ್ತಲ್ಲಿ ಇನ್ನೂ ಜಾಸ್ತಿ. ಸರಿ. ಆದ್ರೆ ಅದು ಗುಂಪಿನ ಸರಾಸರಿ, ನನ್ನ ತಮ್ಮನ ಜಾತಕ ಅಲ್ಲ. ಎಷ್ಟೋ ಬೈಪೋಲಾರ್ ಇರೋರಿಗೆ ನಾರ್ಮಲ್ ಬರುತ್ತೆ, ಏನೂ ಇಲ್ಲದೋರಿಗೆ ಜಾಸ್ತಿ ಬರುತ್ತೆ. ಕೆಲವು ಮಾತ್ರೆಗಳಿಂದ ತೂಕ ಏರಿ, ಆ ತೂಕದಿಂದಲೇ ಸಿಆರ್‌ಪಿ ಏರೋದೂ ಇದೆ. ಉರಿಯೂತ ಇಳಿಸಿ ಬೈಪೋಲಾರ್ ಖಿನ್ನತೆ ವಾಸಿ ಮಾಡೋಣ ಅಂತ ನೋಡಿದ್ದೂ ಆಯ್ತು. ಇನ್‌ಫ್ಲಿಕ್ಸಿಮ್ಯಾಬ್ ಅನ್ನೋ ಉರಿಯೂತ ತಡೆಯೋ ಇಂಜೆಕ್ಷನ್ನಿನ ಟ್ರಯಲ್ 2019ರಲ್ಲಿ ಬಂತು, ಒಟ್ಟಾರೆ ಉಪಯೋಗ ಕಾಣಲಿಲ್ಲ. ಪಾಕಿಸ್ತಾನದಲ್ಲಿ 266 ಜನರ ಮೇಲೆ ಮಿನೋಸೈಕ್ಲಿನ್ (ಆಂಟಿಬಯಾಟಿಕ್), ಸೆಲೆಕಾಕ್ಸಿಬ್ (ನೋವಿನ ಗುಳಿಗೆ) ಕೊಟ್ಟು ನೋಡಿದ್ರು, 2020ರಲ್ಲಿ ಫಲಿತಾಂಶ ಬಂತು, ಅದೂ ಫಲ ಕೊಡಲಿಲ್ಲ. ರಿಸರ್ಚ್ ಮಾಡ್ಲಿ ಬಿಡಿ, ಬೇಡ ಅಂದೋರ್ಯಾರು? ಲ್ಯಾಬಿನ ಬೋರ್ಡಿಗೆ ಯಾಕೆ ಬರಬೇಕು ಅಷ್ಟರಲ್ಲೇ?

ಒಂದು ಮಾತು ಹೇಳಲೇಬೇಕು. ಹಿಂದೊಮ್ಮೆ ಅವನ ರಿಪೋರ್ಟಲ್ಲಿ ಸಿಆರ್‌ಪಿ ಜಾಸ್ತಿ ಅಂತ ದಪ್ಪ ಅಕ್ಷರದಲ್ಲಿ ಬಂದಿತ್ತು. ಅದನ್ನ ನೋಡಿ ನನಗೆ ಖುಷಿ ಆಯ್ತು. ನಿಜವಾಗಿಯೂ ಖುಷಿ. 'ಸೊಕ್ಕು', 'ಗಾಳಿ', 'ಮದುವೆ ಮಾಡಿ ಸರಿಹೋಗ್ತಾನೆ' ಅನ್ನೋ ನೆಂಟರ ಮುಖಕ್ಕೆ ಹಿಡಿಯೋಕೆ ಒಂದು ಕಾಗದ ಸಿಕ್ಕಿತಲ್ಲ ಅಂತ. ಆಮೇಲೆ ನೋಡಿದ್ರೆ ಅವನ ದವಡೆ ಹಲ್ಲು ಕೀವು ತುಂಬಿತ್ತು.

ಈಗ ಚಿಕ್ಕಪ್ಪನ ಸರದಿ. ಫ್ಯಾಮಿಲಿ ಗ್ರೂಪಲ್ಲಿ ನಾನು ಬೋರ್ಡಿನ ವಿಷಯ ಹಾಕಿದ್ದೇ ತಡ, ಅವರ ಮೆಸೇಜು: "ಪ್ಯಾಕೇಜ್ ದುಡ್ಡು ನಾ ಕೊಡ್ತೀನಿ. ಜಾಸ್ತಿ ಬಂದ್ರ ಉರಿಯೂತದ ಗುಳಿಗಿ ತಗೊಂಡ್ರಾತು." ನನ್ನ ಜೀವ ಬಾಯಿಗೆ ಬಂತು! ಲೀಥಿಯಂ ತಗೊಳ್ಳೋರು ಐಬುಪ್ರೊಫೆನ್, ಡೈಕ್ಲೋಫೆನ್ಯಾಕ್ ಥರದ ನೋವಿನ ಗುಳಿಗೆ ಡಾಕ್ಟರನ್ನ ಕೇಳದೆ ಮುಟ್ಟಬಾರದು. ಕಿಡ್ನಿ ಲೀಥಿಯಂನ ಹೊರಗೆ ಹಾಕೋದು ಕಡಿಮೆ ಆಗಿ, ರಕ್ತದಲ್ಲಿ ಏರುತ್ತೆ. ಕೈ ಜೋರಾಗಿ ನಡುಗೋದು, ವಾಂತಿ, ಭೇದಿ, ತೂರಾಡೋದು ಶುರುವಾದ್ರೆ ಆಸ್ಪತ್ರೆಗೆ ಓಡಬೇಕು. ನಮ್ಮೂರ ಬೇಸಿಗೆಯಲ್ಲಿ ಮೈಯ ನೀರು ಇಂಗಿದ್ರೂ ಇದೇ ಗತಿ. ಅದಕ್ಕೇ ಲೆವೆಲ್ ನೋಡ್ತಾ ಇರಬೇಕು. ಹಿಂದಿನ ಡೋಸ್ ಆಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ಜೊತೆಗೆ ಆಗಾಗ ಕಿಡ್ನಿ, ಥೈರಾಯ್ಡ್. ಈ ಟೆಸ್ಟುಗಳಿಗೆ ಬೋರ್ಡಿಲ್ಲ, ಡಿಸ್ಕೌಂಟಿಲ್ಲ.

ಮತ್ತೆ ಕಾಯಿಲೆ ಗೊತ್ತಾಗೋದು ಹೇಗೆ? ಕೇಳಿ ತಿಳ್ಕೊಳ್ಳೋದರಿಂದ. ವಾರಗಟ್ಟಲೆ ನಿದ್ದೆ ಬೇಡ ಅಂತಾನಾ, ಮಾತು ನಿಲ್ಲುತ್ತಾ, ದುಡ್ಡು ಹೇಗೆ ಖರ್ಚು ಮಾಡ್ತಿದ್ದಾನೆ. ನಮ್ಮವನು ರಾತ್ರಿ ಎರಡಕ್ಕೆ ಎದ್ದು ಜೀನ್ಸ್ ಫ್ಯಾಕ್ಟರಿ ಹಾಕ್ತೀನಿ ಅಂತ ಕೂತ. ಬೆಳಗಾಗೋದರಲ್ಲಿ ಲೇಬಲ್ಲಿನ ಡಿಸೈನೂ ರೆಡಿ. ಆ ವಾರದಲ್ಲೇ ಅಮ್ಮನ ಬಳೆ ಅಡ ಇಟ್ಟು ಹೊಲಿಗೆ ಮಷೀನಿಗೆ ಅಡ್ವಾನ್ಸ್ ಕೊಟ್ಟು ಬಂದ. ಡಾಕ್ಟರು ಇದನ್ನೆಲ್ಲ ಕೂತು ಕೇಳಿಸಿಕೊಂಡರು, ಅಷ್ಟರಲ್ಲೇ ಗೊತ್ತಾಯ್ತು.

1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಇದೇ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ಹೀಗೆ ಕೇಳೋದನ್ನೇ ಕಲಿಸಿದ್ದು. ಆ ಬಳ್ಳಾರಿ ಮಾದರಿಯನ್ನೇ ಇಟ್ಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಆಗ ಯಾರೂ ಐಎಲ್-6 ನೋಡಿರಲಿಲ್ಲ.

ಚಿಕ್ಕಪ್ಪಾ, ನೀವು ಇದನ್ನ ಓದ್ತೀರಿ ಅಂತ ಗೊತ್ತು, ಲೈಕ್ ಮಾತ್ರ ಒತ್ತಲ್ಲ. ಪ್ಯಾಕೇಜಿಗೆ ಕೊಡ್ತೀನಿ ಅಂದ ದುಡ್ಡು ಕಳಿಸಿ. ಲೀಥಿಯಂ, ಕಿಡ್ನಿಗೆ ಕ್ರಿಯಾಟಿನಿನ್, ಥೈರಾಯ್ಡಿಗೆ ಟಿಎಸ್‌ಎಚ್ ಮಾಡಿಸ್ತೀನಿ. ಉಳಿದದ್ದು ವಾಪಸ್ ಕೇಳಬೇಡಿ.