ಕಾರಣ ಬರೆಸಿಕೊಂಡು ಬನ್ನಿ

ಕಾಯಿಲೆ ಬೀಳಬೇಕು ಅಂದುಕೊಂಡಿರುವವರು ಮೊದಲು ಸ್ವಲ್ಪ ಕಾನೂನು ಓದಿಕೊಂಡರೆ ಒಳ್ಳೆಯದು. ಜ್ವರ ಏರಿದ ಮೇಲೆ ಓದುವುದು ಕಷ್ಟ. ಅಕ್ಷರ ತುಂಬಾ ಸಣ್ಣದಿರುತ್ತದೆ.

ಜನಾಂಗ, ಧರ್ಮ, ಜಾತಿ ನೋಡಿ ರೋಗಿಯನ್ನು ವಾಪಸ್ ಕಳಿಸಬಾರದು ಅನ್ನುವುದನ್ನು ಎಲ್ಲ ಸರ್ಕಾರಗಳೂ ಒಪ್ಪುತ್ತವೆ. ಭಾಷಣದಲ್ಲಿ ಒಪ್ಪುತ್ತವೆ. ಗೋಡೆಗೆ ಬೋರ್ಡ್ ಹೊಡೆದು ಒಪ್ಪುತ್ತವೆ. ತಕರಾರು ಶುರುವಾಗುವುದು ಕೌಂಟರ್ ಮುಂದೆ. ಅಲ್ಲಿ ಕೂತವರು ಕಾನೂನು ಓದಿದವರಲ್ಲ. ಆದರೂ ಯಾವ ಕಾನೂನಿನ ಕೈಗೂ ಸಿಗದ ಒಂದು ಮಾತು ಅವರಿಗೆ ಗೊತ್ತು: ಬೆಡ್ ಇಲ್ಲ.

ಎಂಥ ಮಾತು ನೋಡಿ. ಹೆಸರು ಕೇಳಿದರು, ಫಾರಂನಲ್ಲಿ ಬರೆದುಕೊಂಡರು, ಮುಖ ನೋಡಿದರು, ಒಳಗೆ ಹೋಗಿ ಬಂದರು, ಬೆಡ್ ಇಲ್ಲ ಅಂದರು. ಬಣ್ಣದ ಮಾತಿಲ್ಲ, ದೇವರ ಮಾತಿಲ್ಲ, ಜಾತಿಯ ಸುದ್ದಿಯೇ ಇಲ್ಲ. ಕಾನೂನು ನಿಷೇಧಿಸಿರುವುದು ಕಾರಣಗಳನ್ನು. ಬೆಡ್ ಯಾವ ಕಾಯ್ದೆಯ ಪಟ್ಟಿಯಲ್ಲೂ ಇಲ್ಲ. ನಿಮ್ಮ ಹಿಂದೆ ನಿಂತವರಿಗೆ ಹೇಗೆ ಸಿಕ್ಕಿತು ಅಂತ ಕೇಳುತ್ತೀರಾ? ಅದು ಈಗ ತಾನೇ ಖಾಲಿಯಾಯಿತು.

ಹಾಗಾಗಿ ನ್ಯಾಯ ಬೇಕಾದ ರೋಗಿ ಮಾಡಬೇಕಾದ ಕೆಲಸ ಇಷ್ಟೇ. ತನ್ನನ್ನು ಯಾಕೆ ಹೊರಗಿಟ್ಟರು ಅಂತ ಹೊರಗಿಟ್ಟವರ ಕೈಯಲ್ಲೇ ಬರೆಸಿಕೊಂಡು ಬರಬೇಕು. ಸುಮ್ನೆ ಯಾವುದೋ ಕಾರಣ ಆಗುವುದಿಲ್ಲ. ಆ ದೇಶದ ಪಟ್ಟಿಯಲ್ಲಿರುವ ಕಾರಣವೇ ಆಗಬೇಕು.

ಯುರೋಪಿನ ಪಟ್ಟಿ ನೋಡಿ. ಯುರೋಪಿಯನ್ ಒಕ್ಕೂಟ 2000ನೇ ಇಸವಿಯಲ್ಲಿ ಎರಡು ನಿರ್ದೇಶನ ಹೊರಡಿಸಿತು. ಮೊದಲನೆಯದು ಜನಾಂಗದ ಬಗ್ಗೆ. ಕೆಲಸ, ಶಿಕ್ಷಣ, ವಸತಿ, ಆರೋಗ್ಯ ಸೇವೆ, ಎಲ್ಲ ಕಡೆಯೂ ಭೇದ ಮಾಡುವಂತಿಲ್ಲ. ಎರಡನೆಯದರಲ್ಲಿ ಧರ್ಮವೂ ಬಂತು, ಆದರೆ ಉದ್ಯೋಗದ ಮಟ್ಟಿಗೆ ಮಾತ್ರ. ಅಂದರೆ ಧರ್ಮ ನೋಡಿ ನರ್ಸನ್ನು ಕೆಲಸದಿಂದ ತೆಗೆದರೆ ಒಕ್ಕೂಟದ ಕಾನೂನು ಎದ್ದು ನಿಲ್ಲುತ್ತದೆ. ಅದೇ ನರ್ಸ್ ನೋಡಿಕೊಳ್ಳಬೇಕಾದ ರೋಗಿಯನ್ನು ಧರ್ಮ ನೋಡಿ ಹೊರಗಿಟ್ಟರೆ ಅದು ಮಗ್ಗುಲು ಬದಲಿಸಿ ಮಲಗುತ್ತದೆ. ಭಕ್ತರು ಮೊದಲು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ಆಮೇಲೆ ಕಾಯಿಲೆ ಬೀಳುವುದು ವಾಸಿ.

ಈ ತೂತು ಯಾರಿಗೂ ಕಾಣಲಿಲ್ಲ ಅಂತಲ್ಲ. ಅದನ್ನು ಮುಚ್ಚಲು 2008ರ ಜುಲೈನಲ್ಲೇ ಮೂರನೇ ನಿರ್ದೇಶನದ ಕರಡು ಬಂತು. ಸದಸ್ಯ ದೇಶಗಳೆಲ್ಲ ಒಕ್ಕೊರಲಿನಿಂದ ಒಪ್ಪಬೇಕು ಅನ್ನುವುದು ನಿಯಮ. ಆ ವರ್ಷ ಹುಟ್ಟಿದ ಮಕ್ಕಳು ಹೈಸ್ಕೂಲು ಮುಗಿಸುವ ಹೊತ್ತಿಗೂ ಕರಡು ಕರಡಾಗಿಯೇ ಇತ್ತು. ಎಷ್ಟೋ ದೇಶಗಳು ತಮ್ಮದೇ ಕಾನೂನು ಮಾಡಿಕೊಂಡಿವೆ, ಅದು ಬೇರೆ ಮಾತು. ಗಡಿಯ ಯಾವ ಪಕ್ಕದಲ್ಲಿ ಕುಸಿದು ಬೀಳಬೇಕು ಅಂತ ರೋಗಿ ಮೊದಲೇ ಯೋಚಿಸಿಟ್ಟುಕೊಂಡರೆ ಸಾಕು.

ಅಮೆರಿಕದ ಕಥೆ ಇನ್ನೂ ಸೊಗಸು. 1946ರ ಜುಲೈ 22ರಂದು ನ್ಯೂಯಾರ್ಕ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನಕ್ಕೆ ಸಹಿ ಬಿತ್ತು. ಜನಾಂಗ, ಧರ್ಮ ಯಾವುದೇ ಇರಲಿ, ಆರೋಗ್ಯ ಪ್ರತಿಯೊಬ್ಬರ ಮೂಲಭೂತ ಹಕ್ಕು ಅಂತ ಅದರಲ್ಲಿದೆ. ಶಾಯಿ ಒಣಗಲು ಮೂರು ವಾರ ಬಿಟ್ಟರು. ಆಗಸ್ಟ್ 13ರಂದು ಅದೇ ದೇಶದಲ್ಲಿ ಆಸ್ಪತ್ರೆ ಕಟ್ಟಲು ಹಣ ಕೊಡುವ ಹಿಲ್-ಬರ್ಟನ್ ಕಾಯ್ದೆ ಜಾರಿಯಾಯಿತು. ಈ ಹಣ ಪಡೆದ ಆಸ್ಪತ್ರೆ ಜನಾಂಗ, ಮತ, ಬಣ್ಣದ ಭೇದ ಮಾಡಕೂಡದು ಅಂದಿತು ಕಾಯ್ದೆ. ಅಷ್ಟಕ್ಕೇ ಬಿಡಲಿಲ್ಲ. ಬೇರೆ ಬೇರೆ ಜನರಿಗೆ ಬೇರೆ ಬೇರೆ ಆಸ್ಪತ್ರೆ ಇದ್ದು, ಗುಣಮಟ್ಟ ಒಂದೇ ಆಗಿದ್ದರೆ ಪರವಾಗಿಲ್ಲ ಅಂತಲೂ ಸೇರಿಸಿತು. ಬೇಡ ಅಂದದ್ದೂ ಅದೇ ಕಾಯ್ದೆ, ಮಾಡಿಕೊಳ್ಳಿ ಅಂದದ್ದೂ ಅದೇ ಕಾಯ್ದೆ. ಕಟ್ಟಡಕ್ಕೆ ದುಡ್ಡು ಸರ್ಕಾರದ್ದು.

ಈ 'ಪರವಾಗಿಲ್ಲ' 17 ವರ್ಷ ಬಾಳಿತು. ಜಾರ್ಜ್ ಸಿಮ್ಕಿನ್ಸ್ ಎಂಬ ದಂತವೈದ್ಯರು ಮತ್ತು ಜೊತೆಗಾರರು ಗ್ರೀನ್ಸ್‌ಬರೋದ ಆಸ್ಪತ್ರೆಗಳ ಮೇಲೆ ಕೇಸು ಹಾಕಿ, 1963ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಗೆದ್ದರು. ಮರುವರ್ಷ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಆಗಲೂ ಎಷ್ಟೋ ಆಸ್ಪತ್ರೆಗಳು ಅಲುಗಲಿಲ್ಲ. 1966ರಲ್ಲಿ ಮೆಡಿಕೇರ್, ಅಂದರೆ ವಯಸ್ಸಾದವರಿಗೆ ಸರ್ಕಾರದ ಆರೋಗ್ಯ ವಿಮೆ, ಶುರುವಾಯಿತು. ಭೇದ ಬಿಟ್ಟರೆ ದುಡ್ಡು, ಬಿಡದಿದ್ದರೆ ಇಲ್ಲ ಅಂದರು. ಕೆಲವೇ ತಿಂಗಳಲ್ಲಿ ಸಾವಿರಾರು ಆಸ್ಪತ್ರೆಗಳಲ್ಲಿ ಬಿಳಿಯರ ವಾರ್ಡು, ಕರಿಯರ ವಾರ್ಡು ಅನ್ನುವುದು ಮಾಯವಾಯಿತು. ವೈದ್ಯರ ಪ್ರತಿಜ್ಞೆ, ಭಾನುವಾರದ ಪ್ರಾರ್ಥನೆ, ಕೋರ್ಟಿನ ತೀರ್ಪು ಮಾಡಲಾಗದ್ದನ್ನು ಅಕೌಂಟ್ಸ್ ವಿಭಾಗ ಮಾಡಿ ಮುಗಿಸಿತು.

ಆದರೆ ಅಲ್ಲೂ ಒಂದು ಹಿಂಬಾಗಿಲು ಇತ್ತು. ಮೆಡಿಕೇರ್‌ನ ಆಸ್ಪತ್ರೆ ಭಾಗದ ದುಡ್ಡು ಪಡೆದರೆ ನಾಗರಿಕ ಹಕ್ಕುಗಳ ಕಾಯ್ದೆ ಅನ್ವಯ. ಡಾಕ್ಟರ ಫೀಸು ಕೊಡುವ ಭಾಗದ ದುಡ್ಡು ಸರ್ಕಾರಿ ನೆರವೇ ಅಲ್ಲ ಅಂತ ಸರ್ಕಾರವೇ ಅರ್ಥ ಮಾಡಿಕೊಂಡಿತು. ಬೆಳಿಗ್ಗೆ ವಾರ್ಡಿನಲ್ಲಿ ಎಲ್ಲರನ್ನೂ ಸಮಾನವಾಗಿ ಕಂಡ ಡಾಕ್ಟರು, ಸಂಜೆ ತಮ್ಮ ಕ್ಲಿನಿಕ್ಕಿನಲ್ಲಿ ಆ ಕಾನೂನಿನಿಂದ ಬಿಡುವು ಪಡೆಯಬಹುದಿತ್ತು. ಈ ಅರ್ಥವನ್ನು ತಿದ್ದಿದ್ದು 2024ರಲ್ಲಿ. ಅವಸರ ಯಾರಿಗಿದೆ?

ಇನ್ನು ಧರ್ಮದ ವಿಷಯ. 1964ರ ಕಾಯ್ದೆಯಲ್ಲಿ ಹೋಟೆಲು, ಸಿನಿಮಾ ಮಂದಿರ, ಪೆಟ್ರೋಲ್ ಬಂಕುಗಳಿಗೆ ಒಂದು ಅಧ್ಯಾಯ ಇದೆ. ಅಲ್ಲಿ ಧರ್ಮ ಇದೆ, ಆಸ್ಪತ್ರೆ ಇಲ್ಲ. ಸರ್ಕಾರಿ ನೆರವು ಪಡೆಯುವವರಿಗೆ ಇನ್ನೊಂದು ಅಧ್ಯಾಯ ಇದೆ. ಅದರ ವ್ಯಾಪ್ತಿಗೆ ಆಸ್ಪತ್ರೆ ಬರುತ್ತದೆ, ಪಟ್ಟಿಯಲ್ಲಿ ಧರ್ಮ ಇಲ್ಲ. 2010ರ ಆರೋಗ್ಯ ವಿಮೆ ಕಾಯ್ದೆಯ ಭೇದ ನಿಷೇಧದ ಕಲಮಿಗೆ ಲಿಂಗ, ವಯಸ್ಸು, ಅಂಗವೈಕಲ್ಯ ಎಲ್ಲ ಬಂದವು. ಧರ್ಮ ಆಗಲೂ ಬರಲಿಲ್ಲ. ಅದಕ್ಕೂ ಮೊದಲೇ, 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಮನರಂಜನೆಯ ಸ್ಥಳ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರಿಟ್ಟು ಕರೆಯಿತು. ಆಸ್ಪತ್ರೆ ಅಲ್ಲೂ ನೆನಪಾಗಲಿಲ್ಲ. ಊಟಕ್ಕೆ ಕೂತಾಗ ನಿಮ್ಮ ಧರ್ಮಕ್ಕೆ ರಕ್ಷಣೆ ಇದೆ. ತಿಂದದ್ದು ಹೊಟ್ಟೆ ಕೆಡಿಸಿದರೆ ಮುಂದಿನ ಪುಟ ಹುಡುಕಿಕೊಳ್ಳಬೇಕು.

ಭಾರತದ ಸರ್ಕಾರಿ ಆಸ್ಪತ್ರೆಗೆ 15(1) ಇದೆ. ಸರ್ಕಾರ ಯಾರಿಗೂ ಭೇದ ಮಾಡುವಂತಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿಕೊಳ್ಳದಿದ್ದರೆ ಅಪರಾಧ ಅಂತ 1955ರ ಕಾಯ್ದೆಯೇ ಹೇಳಿದೆ. ಇದೊಂದು ಗಟ್ಟಿ ಕಾನೂನು, ಒಪ್ಪಬೇಕು. ನೊಂದವರು ಪರಿಶಿಷ್ಟ ಜಾತಿಯವರಾದರೆ, ಕಾರಣ ಅಸ್ಪೃಶ್ಯತೆಯೇ ಅಂತ ಕೋರ್ಟು ಮೊದಲೇ ಭಾವಿಸುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ಎದುರಿನವರದ್ದು. ಇಷ್ಟು ಬುದ್ಧಿವಂತಿಕೆ ತೋರಿಸಿದ ಕಾನೂನು ದಂಡದ ಹತ್ತಿರ ಬಂದು ಸುಸ್ತಾಯಿತು. 1976ರ ತಿದ್ದುಪಡಿ ಪ್ರಕಾರ ಒಂದರಿಂದ ಆರು ತಿಂಗಳು ಜೈಲು, ಜೊತೆಗೆ 100ರಿಂದ 500 ರೂಪಾಯಿ ದಂಡ. ಇವತ್ತಿಗೂ ಅಷ್ಟೇ. ಬೆಲೆಯೇರಿಕೆ ಮುಟ್ಟದ ವಸ್ತು ಈ ಭೂಮಿಯ ಮೇಲೆ ಒಂದಾದರೂ ಇದೆಯಲ್ಲ ಅಂತ ಸಮಾಧಾನ ಪಡಬಹುದು. 2015ರಲ್ಲಿ ದೌರ್ಜನ್ಯ ತಡೆ ಕಾಯ್ದೆಗೂ ಆಸ್ಪತ್ರೆಯ ಹೆಸರು ಸೇರಿತು. ಅದರಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಮೊದಲು ದೂರು ದಾಖಲಾಗಬೇಕು, ಅಲ್ವಾ?

ಮನುಷ್ಯರಿಗಾದರೂ ಕೇಸು ಹಾಕಬಹುದು. ಯಂತ್ರಕ್ಕೆ ಏನು ಮಾಡುತ್ತೀರಿ? ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಚರ್ಮದೊಳಗೆ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುತ್ತದೆ. ಕಪ್ಪು ಚರ್ಮದಲ್ಲಿ ಅದು ಎಷ್ಟೋ ಸಲ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. 2020ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಲೆಕ್ಕ ಹಾಕಿದರು. ಮೀಟರಿನಲ್ಲಿ 92ರಿಂದ 96 ಬಂದವರ ಪೈಕಿ, ನಿಜಕ್ಕೂ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದು ಬಿಳಿಯರಲ್ಲಿ ಶೇ 3.6, ಕರಿಯರಲ್ಲಿ ಶೇ 11.7. ಕೋರ್ಟಿಗೆ ಹೋಗೋಣ ಅಂದರೆ, ಪರಿಣಾಮದಲ್ಲಿ ಭೇದ ಇದೆ ಅಂದರೆ ಸಾಲದು, ಬೇಕೆಂದೇ ಮಾಡಿದ ಭೇದ ಆಗಿದ್ದರೆ ಮಾತ್ರ 1964ರ ಕಾಯ್ದೆಯ ನೆರವಿನ ಅಧ್ಯಾಯದಡಿ ಖಾಸಗಿಯವರು ಕೇಸು ಹಾಕಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟು 2001ರಲ್ಲೇ ಹೇಳಿಬಿಟ್ಟಿದೆ. ಮೀಟರ್ ಪಾಪ, ಅದಕ್ಕೆ ಉದ್ದೇಶ ಎಲ್ಲಿಂದ ಬರಬೇಕು? ಅದು ಎಲ್ಲರ ಬೆರಳನ್ನೂ ಒಂದೇ ಪ್ರೀತಿಯಿಂದ ಕಚ್ಚುತ್ತದೆ.

ಕಾರಣವನ್ನು ಯಾರೂ ಕಾಗದದ ಮೇಲೆ ಇಡುವುದಿಲ್ಲ ಅಂದರೆ ಲ್ಯಾಬಿನವರಿಗೆ ಅನ್ಯಾಯ ಮಾಡಿದಂತೆ. ಅವರು ಇಟ್ಟಿದ್ದರು. ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಂದಾಜಿಸುವ 2009ರ ಸೂತ್ರದಲ್ಲಿ, ರೋಗಿ ಕರಿಯರಾದರೆ ಬಂದ ಉತ್ತರವನ್ನು 1.159ರಿಂದ ಗುಣಿಸಬೇಕಿತ್ತು. ವರದಿಯಲ್ಲಿ ಎರಡು ಸಾಲು ಅಚ್ಚಾಗುತ್ತಿತ್ತು, ಆಫ್ರಿಕನ್ ಅಮೆರಿಕನ್ ಆದರೆ ಇಷ್ಟು, ಅಲ್ಲದಿದ್ದರೆ ಇಷ್ಟು. ಅದೇ ರಕ್ತ, ಅದೇ ಟ್ಯೂಬು. ಅಮೆರಿಕದಲ್ಲಿ ಮೂತ್ರಪಿಂಡದ ಕಸಿಗೆ ಕಾಯುವ ಅವಧಿ ಎಣಿಕೆಯಾಗಲು ಅಂಕಿ 20ಕ್ಕೆ ಇಳಿಯಬೇಕು. ಬೇರೆಯವರಿಗೆ 18 ಬಂದ ರಕ್ತ, ಕರಿಯರ ಸಾಲಿನಲ್ಲಿ ಹತ್ತಿರ ಹತ್ತಿರ 21 ಆಗುತ್ತಿತ್ತು. ಮೂತ್ರಪಿಂಡ ಸೋತಿದೆ, ಆದರೆ ಕಾಗದದ ಮೇಲೆ ಆರೋಗ್ಯ ಸುಧಾರಿಸಿದೆ, ಹೋಗಿ ಬನ್ನಿ. ಇದನ್ನು ಯಾರೂ ಭೇದ ಅನ್ನಲಿಲ್ಲ. ಗಣಿತ ಅಂದರು.

2021ರಲ್ಲಿ ಆ ಗುಣಾಕಾರ ಇಲ್ಲದ ಹೊಸ ಸೂತ್ರ ಬಂತು. 2023ರ ಜನವರಿಯಲ್ಲಿ ಕಸಿ ಕೇಂದ್ರಗಳಿಗೆ ಆದೇಶ ಹೋಯಿತು: ಹಳೆಯ ಸೂತ್ರದಿಂದ ಕಳೆದುಹೋದ ಕಾಯುವ ಸಮಯವನ್ನು ಲೆಕ್ಕ ಹಾಕಿ, ಕಾಯುವವರ ಪಟ್ಟಿಯಲ್ಲಿರುವ ಕರಿಯರ ಖಾತೆಗೆ ಜಮಾ ಮಾಡಿ. ಸತ್ತವರ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ, ಹಾಗಾಗಿ ಅವರಿಗೆ ಬಾಕಿ ಏನೂ ಬರಬೇಕಾಗಿಲ್ಲ.